ಸ್ಟಾಪರ್ ಬ್ಯಾಕ್ ಕೋಚ್ ಆದಾಗ: ವೆಸ್ಟ್‌ವುಡ್ ನೋಡ್ಕೊಂಡು ನಾನು ಕಲ್ತಿದ್ದು

ನಾನು ಬೆಂಗಳೂರಲ್ಲಿ ಡಿವಿಷನ್ ಫುಟ್‌ಬಾಲ್ ಆಡ್ತಿದ್ದವನು, ಸ್ಟಾಪರ್ ಬ್ಯಾಕ್, ಅಂದ್ರೆ ಗೋಲ್ ಮುಂದೆ ನಿಂತು ಕಾಯೋ ಡಿಫೆಂಡರ್, ದೊಡ್ಡ ಹೆಸರೇನಿಲ್ಲ, ಎ ಡಿವಿಷನ್ ತನಕ ಹೋಗಿ ಅಲ್ಲೇ ನಿಂತೆ. 2012ರಲ್ಲಿ ಎಡಗಾಲಿನ ಮಂಡಿ ಹೋಯ್ತು. ಆಪರೇಷನ್‌ಗೆ ದುಡ್ಡಿರ್ಲಿಲ್ಲ ಅನ್ನೋದಕ್ಕಿಂತ, ಮಾಡ್ಸಿದ್ರೂ ಇನ್ಯಾರು ಕರೀತಾರೆ ಬಿಡು ಅನ್ನೋದೇ ತಲೇಲಿತ್ತು. ಒಂದು ವರ್ಷ ಗ್ರೌಂಡ್ ಕಡೆ ತಲೆ ಹಾಕ್ಲಿಲ್ಲ.

2013 ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಎಫ್‌ಸಿ ಅಂತ ಹೊಸ ಟೀಮ್, ಐ-ಲೀಗ್‌ನಲ್ಲಿ (ಆಗ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಅದೇ) ಮೊದಲ ಮ್ಯಾಚ್, ಕೊಲ್ಕತ್ತಾದ ಮೋಹನ್ ಬಗಾನ್ ಮೇಲೆ, ಅದೂ ನಮ್ಮ ಅಶೋಕನಗರ ಸ್ಟೇಡಿಯಂನಲ್ಲಿ. ಫ್ರೆಂಡ್ ಒಬ್ಬ ಎಳ್ಕೊಂಡು ಹೋದ. ಮ್ಯಾಚ್ 1-1. ಆ ಸ್ಟೇಡಿಯಂ ಗೊತ್ತಿರೋರಿಗೆ ಗೊತ್ತು, ಗ್ಯಾಲರಿಗೂ ಲೈನ್‌ಗೂ ಜಾಸ್ತಿ ದೂರ ಇಲ್ಲ, ಕೋಚ್ ಕೂಗೋದೆಲ್ಲ ಕೇಳ್ಸುತ್ತೆ. ಅವತ್ತು ಲೈನ್ ಹತ್ರ ನಿಂತ್ಕೊಂಡು ಗಂಟಲು ಹರ್ಕೊಳ್ತಿದ್ದ, ಬೆಂಗಳೂರು ಟೀಮ್ ಕೋಚ್ ಆಗಿದ್ದ ಇಂಗ್ಲೆಂಡ್ ಮನುಷ್ಯನೇ ಆಶ್ಲಿ ವೆಸ್ಟ್‌ವುಡ್. ಅವ್ರ ಇಂಗ್ಲಿಷ್ ನಂಗೆ ಅರ್ಧಕ್ಕರ್ಧ ತಲೆಗೆ ಹೋಗ್ಲಿಲ್ಲ, ಆದ್ರೆ ಒಂದು ವಿಷ್ಯ ಗಮನಕ್ಕೆ ಬಂತು. ಬಾಲ್ ಆ ಕಡೆ ಗೋಲ್ ಹತ್ರ ಇದ್ರೂ ಈಯಪ್ಪ ಬಾಲ್ ನೋಡ್ತಿಲ್ಲ, ತನ್ನ ಬ್ಯಾಕ್ ಲೈನ್, ಅಂದ್ರೆ ಹಿಂದಿನ ಡಿಫೆಂಡರ್‌ಗಳ ಸಾಲು ನೋಡ್ತಾ ಇದಾನೆ, ಮೇಲೆ ಬಾ, ಹಿಂದೆ ಹೋಗು, ಎಡಕ್ಕೆ ಸರಿ ಅಂತ ಕೈ ಆಡಿಸ್ತಾನೇ ಇದಾನೆ. ಇವನೂ ಸ್ಟಾಪರ್ ಆಡಿರೋನೇ ಇರ್ಬೇಕು ಅನ್ಕೊಂಡೆ.

ಮನೆಗೆ ಬಂದು ಗೂಗಲ್ ಮಾಡಿದೆ. ಇಲ್ಲೊಂದು ತಮಾಷೆ ಇದೆ, ಅದೇ ಹೆಸರಿನ ಇನ್ನೊಬ್ಬ ಇಂಗ್ಲಿಷ್ ಪ್ಲೇಯರ್ ಇದಾನೆ, ಮಿಡ್‌ಫೀಲ್ಡರ್, ಆಗ ಆಸ್ಟನ್ ವಿಲ್ಲಾದಲ್ಲಿ ಆಡ್ತಿದ್ದ, ಆಮೇಲೆ ಬರ್ನ್ಲಿಗೆ ಹೋದ. ಇಬ್ರೂ ಕ್ರೂ ಅಲೆಕ್ಸಾಂಡ್ರಾ ಅನ್ನೋ ಒಂದೇ ಚಿಕ್ಕ ಕ್ಲಬ್‌ನಲ್ಲಿ ಆಡಿದೋರು. ನಾನು ಎರಡು ದಿನ ಆ ಮಿಡ್‌ಫೀಲ್ಡರ್ ವಿಡಿಯೋ ನೋಡ್ಕೊಂಡು, ಇಷ್ಟು ಚೆನ್ನಾಗಿ ಆಡೋನು ಇಲ್ಯಾಕೆ ಬಂದ ಅಂತ ತಲೆ ಕೆರ್ಕೊಂಡಿದ್ದೆ.

ನಮ್ಮ ವೆಸ್ಟ್‌ವುಡ್ ಹುಟ್ಟಿದ್ದು 1976ರಲ್ಲಿ, ಶ್ರಾಪ್‌ಶೈರ್‌ನ ಬ್ರಿಡ್ಜ್‌ನಾರ್ತ್‌ನಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್ ಯೂತ್ ಟೀಮಲ್ಲಿ ಇದ್ದೋರು, ಬೆಕ್‌ಹ್ಯಾಮ್‌ಗಿಂತ ಒಂದು ವರ್ಷ ಚಿಕ್ಕವರು, ಆದ್ರೆ ದೊಡ್ಡ ಟೀಮಲ್ಲಿ ಒಂದು ಮ್ಯಾಚೂ ಸಿಗ್ಲಿಲ್ಲ. ಅಲ್ಲಿಂದ ಕ್ರೂ, ಆಮೇಲೆ ಬ್ರ್ಯಾಡ್‌ಫರ್ಡ್ ಸಿಟಿ. ಬ್ರ್ಯಾಡ್‌ಫರ್ಡ್ 1999ರಲ್ಲಿ ಪ್ರೀಮಿಯರ್ ಲೀಗ್‌ಗೆ ಏರ್ತು, ಇವ್ರಿಗೆ ಅಲ್ಲಿ ಬೆರಳೆಣಿಕೆ ಮ್ಯಾಚ್ ಸಿಕ್ತು ಅಷ್ಟೇ. ಆ ಟೀಮ್ 2000ನೇ ಇಸವಿಯಲ್ಲಿ ಸೀಸನ್ನಿನ ಕೊನೇ ದಿನ ಲಿವರ್‌ಪೂಲನ್ನ 1-0 ಸೋಲಿಸಿ ಲೀಗಲ್ಲಿ ಉಳ್ಕೊಳ್ತು. ಗೋಲ್ ಹೊಡ್ದಿದ್ದು ಡೇವಿಡ್ ವೆದರಾಲ್ ಅನ್ನೋ ಸ್ಟಾಪರ್, ಫ್ರೀ ಕಿಕ್‌ಗೆ ಹೆಡ್ ಕೊಟ್ಟು. ಈ ಫ್ರೀ ಕಿಕ್ಕು, ಹೆಡ್ಡು ಎರಡನ್ನೂ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್, ಪೋರ್ಟ್ ವೇಲ್, ಸ್ಟೀವನೇಜ್, ರೆಕ್ಸಮ್, ಕ್ರಾಲಿ, ಕೆಟ್ಟರಿಂಗ್, ಹಿಂಗೆ ಇಳೀತಾ ಇಳೀತಾ ಹೋಗಿರೋ ಲಿಸ್ಟು. ಆ ಲಿಸ್ಟ್ ನೋಡಿ ನಂಗೆ ಒಂಥರಾ ಸಮಾಧಾನ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆಟ ಮುಗಿದ ಮೇಲೆ ಮೈಕಲ್ ಆಪಲ್ಟನ್ ಅನ್ನೋ ಮ್ಯಾನೇಜರ್ ಜೊತೆ ಸ್ಟಾಫಲ್ಲಿ ಇದ್ರು. ಆಪಲ್ಟನ್ ಒಂದೇ ಸೀಸನ್‌ನಲ್ಲಿ ಪೋರ್ಟ್ಸ್‌ಮತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ಅಂತ ಮೂರು ಕ್ಲಬ್ ನೋಡ್ದೋರು, ಬ್ಲ್ಯಾಕ್‌ಬರ್ನ್‌ನಲ್ಲಿ 67 ದಿನಕ್ಕೆ ಕಳ್ಸಿಬಿಟ್ರು. ಬಾಸ್ ಹೋದ್ಮೇಲೆ ಸ್ಟಾಫ್ ಗತಿ ಏನು? ಅದೇ ವರ್ಷ ಬೆಂಗಳೂರಿಗೆ ಬಂದ್ರು. ಹೆಡ್ ಕೋಚ್ ಆಗಿ ಮೊದಲ ದೊಡ್ಡ ಕೆಲಸ, ವಯಸ್ಸು 36.

ಮೊದಲ ಸೀಸನ್‌ನಲ್ಲೇ ಐ-ಲೀಗ್ ಹೊಡೆದ್ರು. 2014 ಏಪ್ರಿಲ್ 21, ಗೋವಾದಲ್ಲಿ ಡೆಂಪೊ ಮೇಲೆ 4-2, ನಾನು ಟೀವಿ ಮುಂದೆ ಕೂತಿದ್ದೆ. ಎಲ್ರೂ ಸುನಿಲ್ ಛೆಟ್ರಿ ಹೆಸರು ಹೇಳ್ತಾರೆ, ಹೇಳ್ಬೇಕಾದ್ದೇ. ಆದ್ರೆ ನನ್ ಕಣ್ಣೆಲ್ಲ ಜಾನ್ ಜಾನ್ಸನ್, ಕರ್ಟಿಸ್ ಒಸಾನೊ ಮೇಲೆ, ಆ ಎರಡು ಸ್ಟಾಪರ್‌ಗಳ ಮೇಲೆ. ಕಾರ್ನರ್, ಅಂದ್ರೆ ಗ್ರೌಂಡಿನ ಮೂಲೆಯಿಂದ ಒದೆಯೋ ಕಿಕ್ಕು ಬಂದ್ರೆ ಆಪೋಸಿಟ್ ಟೀಮ್‌ಗೆ ಭಯ, ಹಿಂದೆ ಬಂದ್ರೆ ಇಬ್ರೂ ಗೋಡೆ. ಇನ್ನೊಂದು, ಎಪ್ಪತ್ತು ನಿಮಿಷ ಆದ್ಮೇಲೆ ಬೇರೆ ಟೀಮ್‌ನವ್ರು ಸೊಂಟ ಹಿಡ್ಕೊಂಡು ನಿಂತ್ರೆ ಇವ್ರು ಆಗ ತಾನೇ ಶುರು ಮಾಡಿದಂಗೆ ಓಡ್ತಿದ್ರು.

ಅದೇ ಬೇಸಿಗೇಲಿ ನಾನು ಹುಡುಗರ ಟೀಮ್ ಶುರು ಮಾಡಿದೆ. ಹದಿನಾಲ್ಕು ಜನ, ಹದಿಮೂರರಿಂದ ಹದಿನೈದು ವಯಸ್ಸು, ನಮ್ಮ ಏರಿಯಾದ ಮಣ್ಣಿನ ಗ್ರೌಂಡು, ಅದ್ರಲ್ಲೂ ಒಂದು ಮೂಲೇಲಿ ಕ್ರಿಕೆಟ್‌ನವ್ರು. ಕೋನ್ ಇಲ್ಲ, ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಮಾರ್ಕ್ ಇಡ್ತಿದ್ದೆ. ಇಪ್ಪತ್ತು ಮೀಟರ್ ಅಳೆದು ಬೀಪ್ ಟೆಸ್ಟ್ (ಬೀಪ್ ಸದ್ದಿಗೆ ಸರಿಯಾಗಿ ಆ ಕಡೆ ಈ ಕಡೆ ಓಡೋ ಫಿಟ್‌ನೆಸ್ ಟೆಸ್ಟು) ಮಾಡ್ಸೋಕೆ ಹೋದೆ, ಫೋನಲ್ಲಿ ಆಡಿಯೋ ಹಾಕಿ. ಇಂಗ್ಲೆಂಡ್ ಕೋಚ್ ಥರ ಕೂಗೋದನ್ನೂ ಕಲ್ತಿದ್ದೆ ನೋಡಿ, ಫಿಟ್‌ನೆಸ್ ಫಿಟ್‌ನೆಸ್ ಅಂತ ಬೆಳಿಗ್ಗೆ ಆರಕ್ಕೆ ಬಾರ್ಸಿದೆ.

ಎರಡನೇ ವಾರ ಒಬ್ಬ ಹುಡುಗ ಗ್ರೌಂಡಲ್ಲೇ ಕುಸಿದು ಬಿದ್ದ. ಕಣ್ಣು ಮೇಲಕ್ಕೆ ಹೋಯ್ತು, ನಂಗೆ ಕೈಕಾಲು ಆಡ್ಲಿಲ್ಲ. ನೀರು ಹಾಕಿ, ನೆರಳಿಗೆ ಎತ್ಕೊಂಡು ಹೋಗಿ, ಹತ್ತು ನಿಮಿಷಕ್ಕೆ ಎದ್ದ. ಏನೋ ತಿಂದಿದ್ದು ಅಂದ್ರೆ ‘ಟೀ ಕುಡ್ದೆ ಸಾರ್’ ಅಂದ. ರಾತ್ರಿ? ‘ರಾತ್ರೀನೂ ಅದೇ ಸಾರ್, ಟೀ ಬನ್ನು.’ ಅವ್ರಮ್ಮ ನಾಲ್ಕು ಮನೆ ಕೆಲ್ಸಕ್ಕೆ ಹೋಗೋರು, ಸಂಜೆ ಬಂದು ನಂಗೆ ಬೈಲಿಲ್ಲ, ‘ಸಾರ್, ಬೆಳಿಗ್ಗೆ ಐದಕ್ಕೆ ನಾನು ಹೊರಡ್ತೀನಿ, ಏನ್ ಮಾಡಿಡ್ಲಿ ಹೇಳಿ’ ಅಂತ ಕೇಳಿದ್ರು. ಬೈದಿದ್ರೇ ಚೆನ್ನಾಗಿತ್ತು.

ಬೀಪ್ ಟೆಸ್ಟ್ ಮೂರು ತಿಂಗಳು ಬಂದ್. ಮೊದ್ಲು ಊಟ. ವೆಸ್ಟ್‌ವುಡ್ ಹತ್ರ ಇದ್ದಿದ್ದು ದುಡ್ಡಿರೋ ಕ್ಲಬ್ಬು, ಸಂಬಳ ತಗೊಳೋ ದೊಡ್ಡೋರು, ಏನ್ ತಿನ್ಬೇಕು ಅಂತ ಹೇಳಿದ್ರೆ ತಿನ್ನೋಕೆ ಸಿಗುತ್ತೆ. ನಾನು ಅವ್ರ ಕೆಲಸದ ಎರಡನೇ ಪುಟದಿಂದ ಕಾಪಿ ಹೊಡ್ದಿದ್ದೆ, ಮೊದಲ ಪುಟ ಬಿಟ್ಟು. ನನ್ನ ಜೊತೆ ಆಡ್ತಿದ್ದ ಆರು ಜನರ ಹತ್ರ ತಿಂಗಳಿಗೆ ಇಷ್ಟು ಅಂತ ಕೇಳಿ ಇಸ್ಕೊಂಡೆ. ಪ್ರಾಕ್ಟೀಸ್‌ಗೆ ಮುಂಚೆ ಬಾಳೆಹಣ್ಣು, ಕಡ್ಲೆಕಾಯಿ ಚಿಕ್ಕಿ, ಮುಗಿದ್ಮೇಲೆ ರಾಗಿ ಮಾಲ್ಟ್, ಒಂದು ಬೇಯ್ಸಿದ ಮೊಟ್ಟೆ, ಮೊಟ್ಟೆ ತಿನ್ನದೋರಿಗೆ ಹೆಸರುಕಾಳು. ಮಾಲ್ಟ್ ನಮ್ಮ ಮನೇಲೇ ಕಾಯಿಸ್ತಿದ್ದಿದ್ದು, ನನ್ನ ಹೆಂಡ್ತಿ ಇವತ್ತಿಗೂ ಆ ದೊಡ್ಡ ಪಾತ್ರೆ ಕಂಡ್ರೆ ಮುಖ ತಿರುಗಿಸ್ತಾಳೆ. ಬೀಪ್ ಟೆಸ್ಟ್ ಮತ್ತೆ ಇಟ್ಟಾಗ ಅದೇ ಹುಡುಗ ಕೊನೇ ಮೂವರಲ್ಲಿ ಉಳ್ಕೊಂಡ.

ಈಗ ಕಾರ್ನರ್ ವಿಷ್ಯ. ಇದು ನನ್ ಹುಚ್ಚು.

2015 ಮೇ 31, ಕಂಠೀರವ ಸ್ಟೇಡಿಯಂ. ಆ ಸೀಸನ್ ಹೊತ್ತಿಗೆ ಬಿಎಫ್‌ಸಿ ಅಲ್ಲಿಗೆ ಶಿಫ್ಟ್ ಆಗಿತ್ತು, ಜನವರಿಯಲ್ಲಿ ಫೆಡರೇಶನ್ ಕಪ್ ಫೈನಲಲ್ಲಿ ಮತ್ತೆ ಡೆಂಪೊನ 2-1 ಸೋಲ್ಸಿದ್ರು, ಈಗ ಐ-ಲೀಗ್ ಕೊನೇ ಮ್ಯಾಚು, ಮೋಹನ್ ಬಗಾನ್ ಮೇಲೆ. ಗೆದ್ರೆ ನಾವು ಚಾಂಪಿಯನ್, ಡ್ರಾ ಆದ್ರೆ ಅವ್ರು. ನನ್ನ ಹುಡುಗರಲ್ಲಿ ಐದು ಜನನ ಕರ್ಕೊಂಡು ಹೋಗಿದ್ದೆ. ಹಾಫ್ ಟೈಮ್‌ಗೆ ಮುಂಚೆ ಜಾನ್ಸನ್ ಗೋಲ್ ಹೊಡೆದ, ಸ್ಟೇಡಿಯಂ ನೆಲ ಅದುರ್ತು. ಆಮೇಲೆ ನಿಮಿಷ ಎಣಿಸೋ ಕೆಲ್ಸ. 87ನೇ ನಿಮಿಷ, ಬಗಾನ್‌ಗೆ ಕಾರ್ನರ್, ಸೋನಿ ನಾರ್ಡೆ ಹೊಡೆದ, ಬೆಲ್ಲೊ ರಜಾಕ್ ಎಲ್ರಿಗಿಂತ ಮೇಲೆದ್ದು ಹೆಡ್ ಕೊಟ್ಟ. 1-1. ಬಗಾನ್ 39 ಪಾಯಿಂಟ್, ನಾವು 37. ಯಾವ ಟೀಮ್ ಕಾರ್ನರಲ್ಲಿ ಎಲ್ರನ್ನೂ ಹೆದರಿಸ್ತಿತ್ತೋ ಅದೇ ಟೀಮ್ ಕೊನೇ ಮೂರು ನಿಮಿಷ ಇರೋವಾಗ ಕಾರ್ನರಲ್ಲೇ ಕಪ್ ಕಳ್ಕೊಂಡ್ತು. ಗೋಲ್ ಬಿದ್ದ ಮೇಲೆ ನಾನು ವೆಸ್ಟ್‌ವುಡ್ ಕಡೆ ನೋಡ್ಲಿಲ್ಲ, ನೋಡೋಕೆ ಮನಸ್ಸಾಗ್ಲಿಲ್ಲ. ಪಕ್ಕದಲ್ಲಿದ್ದ ಹುಡುಗ ‘ಸಾರ್, ಅವನ್ನ ಯಾರು ಹಿಡೀಬೇಕಿತ್ತು?’ ಅಂತ ಕೇಳ್ದ. ಅಳೋದು ಬಿಟ್ಟು ಅವನು ಕೇಳಿದ್ದು ಅದು. ನಂಗೆ ಆಗ್ಲೇ ಅನ್ಸ್ತು ಇವನು ಸ್ಟಾಪರ್ ಆಗ್ತಾನೆ ಅಂತ.

ಮಾರನೇ ದಿನ ನೋಟ್ ಬುಕ್ ತೆಗೆದು ಕೂತೆ, ನಮ್ಮ ಹುಡುಗರು ಆ ವರ್ಷ ತಿಂದ ಗೋಲುಗಳಲ್ಲಿ ಅರ್ಧಕ್ಕೆ ಹತ್ರ ಹತ್ರ ಕಾರ್ನರ್, ಫ್ರೀ ಕಿಕ್ಕು, ಉದ್ದ ಥ್ರೋ ಇಂದಾನೇ ಬಂದಿರೋವು. ಅವತ್ತಿಂದ ವಾರಕ್ಕೆ ಒಂದು ದಿನ ಬರೀ ಕಾರ್ನರು. ಹುಡುಗರಿಗೆ ಬೋರ್ ಹೊಡಿಯುತ್ತೆ, ಅವ್ರಿಗೆ ಡ್ರಿಬ್ಲಿಂಗ್ ಬೇಕು, ಆದ್ರೂ ಬಿಡಲ್ಲ. ನಾನು ಮಾಡೋದು ಇಷ್ಟು: ಫಸ್ಟ್ ಪೋಸ್ಟಲ್ಲಿ, ಅಂದ್ರೆ ಕಿಕ್ ಬರೋ ಕಡೆ ಗೋಲ್ ಕಂಬದ ಹತ್ರ ಒಬ್ಬ, ಅವನು ಬಾಲ್ ತನ್ನ ದಾಟಿ ಹೋಗೋ ತನಕ ಅಲ್ಲಾಡಂಗಿಲ್ಲ. ಎತ್ತರ ಇರೋ ಇಬ್ರು ಗೋಲ್ ಮುಂದೆ ಜಾಗ ಕಾಯ್ತಾರೆ, ಆಳನ್ನ ಹಿಡಿಯಲ್ಲ. ಮಿಕ್ಕಿದೋರು ಒಬ್ಬೊಬ್ಬರನ್ನ ಹಿಡೀತಾರೆ, ಜೆರ್ಸಿ ಅಲ್ಲ, ಎದೆಗೆ ಎದೆ ಕೊಟ್ಟು ಅವನು ಓಡೋಕೆ ಶುರು ಮಾಡೋ ದಾರಿಗೇ ನಿಲ್ಲೋದು, ಓಡಿ ಬಂದು ಎಗರೋನನ್ನ ನಿಂತ ಜಾಗದಿಂದ ಎಗರಿ ಯಾರೂ ಗೆಲ್ಲೋಕಾಗಲ್ಲ. ಬಾಕ್ಸ್ ಹೊರಗೆ ಒಬ್ಬ ಚಿಕ್ಕ ಹುಡುಗ, ಚುರುಕು ಇರೋನು, ಹೊಡೆದು ಆಚೆ ಬಂದ ಬಾಲ್ ಅವಂದು. ಗೋಲ್‌ಕೀಪರ್ ‘ನಂದು’ ಅಂತ ಕೂಗಿದ್ರೆ ಎಲ್ರೂ ಬಿಡ್ಬೇಕು, ಕೂಗ್ದೆ ಬಂದ್ರೆ ಕೀಪರ್‌ಗೆ ಗ್ರೌಂಡ್ ಸುತ್ತ ಒಂದು ರೌಂಡ್ ಜಾಸ್ತಿ. ಹೆಡ್ಡಿಂಗ್ ಮಾತ್ರ ಚಿಕ್ಕ ಹುಡುಗರಿಗೆ ಗಾಳಿ ಕಮ್ಮಿ ಇರೋ ಬಾಲಲ್ಲೇ, ಅದೂ ಲೆಕ್ಕದಲ್ಲಿ.

ವೆಸ್ಟ್‌ವುಡ್ 2016ರಲ್ಲಿ ಮತ್ತೆ ಲೀಗ್ ಗೆದ್ದು ಹೊರಟು ಹೋದ್ರು, ಮೂರು ವರ್ಷದಲ್ಲಿ ಎರಡು ಐ-ಲೀಗ್ ಒಂದು ಫೆಡರೇಶನ್ ಕಪ್. ಆಮೇಲಿನ ದಾರಿ ಅಷ್ಟು ಚೆಂದ ಇಲ್ಲ. ಮಲೇಷ್ಯಾದ ಪೆನಾಂಗ್‌ನಲ್ಲಿ ಒಂದು ಸೀಸನ್ ಪೂರ್ತಿ ಆಗ್ಲಿಲ್ಲ. ಕೊಲ್ಕತ್ತಾದ ಎಟಿಕೆ ಕ್ಲಬ್‌ಗೆ ಟೆಕ್ನಿಕಲ್ ಡೈರೆಕ್ಟರ್ ಆಗಿ ಬಂದ್ರು, 2018ರಲ್ಲಿ ಟೆಡ್ಡಿ ಶೆರಿಂಗ್‌ಹ್ಯಾಮ್‌ನ ತೆಗೆದಾಗ ಟೀಮ್ ಇವ್ರ ಕೈಗೆ ಬಂತು, ಕೆಲವೇ ವಾರಕ್ಕೆ ಅದೂ ಹೋಗಿ ರಾಬಿ ಕೀನ್ ಬಂದ್ರು. ಮುಂದೆ ಪಂಜಾಬಲ್ಲಿ ರೌಂಡ್‌ಗ್ಲಾಸ್ ಅನ್ನೋ ಕ್ಲಬ್. ಅದೇ ಟೈಮಲ್ಲಿ ನಂಗೂ ಒಂದು ಕಡೆ ಹಿಂಗೇ ಆಯ್ತು, ಒಂದು ಸ್ಕೂಲಲ್ಲಿ ಕೋಚ್ ಅಂತ ಸೇರ್ಸ್ಕೊಂಡು, ಇಂಟರ್ ಸ್ಕೂಲ್ ಟೂರ್ನಿ ಮೊದಲ ರೌಂಡಲ್ಲಿ ಸೋತಿದ್ದಕ್ಕೆ ಸಂಬಳ ಒಂದೂವರೆ ತಿಂಗಳದ್ದು ಕೊಡ್ದೆ ಕಳ್ಸಿದ್ರು. ಯಾವ ಸ್ಕೂಲು ಅಂತ ಬೇಡ ಬಿಡಿ. ಮನೇಲಿ ಕೂತು ಕೋಚಿಂಗ್‌ನ ಡಿ ಲೈಸೆನ್ಸ್ ಕೋರ್ಸ್‌ಗೆ ಅರ್ಜಿ ಹಾಕಿದ್ದು ಆಗಲೇ.

2024 ಮಾರ್ಚ್ 26 ಗುವಾಹಟಿ ಮ್ಯಾಚ್ ನೆನಪಿದ್ಯಾ? ವರ್ಲ್ಡ್ ಕಪ್ ಕ್ವಾಲಿಫೈಯರ್, ಛೆಟ್ರಿಗೆ ದೇಶಕ್ಕೆ 150ನೇ ಮ್ಯಾಚು, ಪೆನಾಲ್ಟಿ ಹೊಡೆದು ಗೋಲೂ ಮಾಡ್ದ. ಆದ್ರೆ ಸೆಕೆಂಡ್ ಹಾಫಲ್ಲಿ ಅಫ್ಘಾನಿಸ್ತಾನ ಎರಡು ಹೊಡೆದು 2-1 ಗೆಲ್ತು. ಅಫ್ಘಾನಿಸ್ತಾನದ ಕೋಚ್ ಯಾರು? ವೆಸ್ಟ್‌ವುಡ್! ಮುಂದಿನ ವರ್ಷ ಜೂನ್ 10ಕ್ಕೆ ಹಾಂಗ್ ಕಾಂಗ್ ಕೋಚ್ ಆಗಿ ಮತ್ತೆ, ಏಷ್ಯನ್ ಕಪ್ ಕ್ವಾಲಿಫೈಯರಲ್ಲಿ ಇಂಜುರಿ ಟೈಮ್ ಪೆನಾಲ್ಟಿ, 1-0. ನಮ್ಮ ಟೀಮ್ ಸೋತಿದ್ದಕ್ಕೆ ಹೊಟ್ಟೆ ಉರೀತಿತ್ತು, ಜೊತೆಗೆ ಲೈನ್ ಹತ್ರ ಅದೇ ಕೈ ಆಡಿಸೋದು ಕಂಡು ನಗುನೂ ಬಂತು. ಸ್ಟಾಪರ್ ಹುಡುಗ, ಅವತ್ತು ಕಂಠೀರವದಲ್ಲಿ ಕೇಳಿದ್ನಲ್ಲ, ಈಗ ಫ್ಯಾಕ್ಟರಿ ಕೆಲ್ಸಕ್ಕೆ ಹೋಗ್ತಾ ಬಿ ಡಿವಿಷನ್ ಆಡ್ತಾನೆ, ಮ್ಯಾಚ್ ಮುಗಿದ ಐದು ನಿಮಿಷಕ್ಕೆ ಫೋನ್ ಮಾಡ್ದ. ‘ಸಾರ್, ನಿಮ್ ಮನುಷ್ಯ ನೋಡಿ ನಮಗೇ ಇಟ್ಟ.’

ಅವನೇ ಈಗ ಭಾನುವಾರ ಬಂದು ಚಿಕ್ಕ ಹುಡುಗರಿಗೆ ಕಾರ್ನರ್ ಹೇಳ್ಕೊಡ್ತಾನೆ, ನನ್ ಮಂಡಿ ಈಗ ಎಗರೋಕೆ ಬಿಡಲ್ಲ. ಈ ಸಲ ಹೊಸದಾಗಿ ಒಂಬತ್ತು ಜನ ಸೇರಿದಾರೆ, ಇಬ್ರು ಬರಿಗಾಲಲ್ಲಿ ಬರ್ತಾರೆ. ಯಾರ ಹತ್ರ ಆದ್ರೂ ಐದು, ಆರು ನಂಬರ್ ಹಳೇ ಸ್ಟಡ್ಸ್ ಇದ್ರೆ ಹೇಳಿ, ಮುಂದುಗಡೆ ಸ್ವಲ್ಪ ಬಾಯಿ ಬಿಟ್ಟಿದ್ರೂ ಪರ್ವಾಗಿಲ್ಲ, ಇಲ್ಲಿ ಹೊಲ್ಸ್ಕೊಳ್ತೀವಿ.