ಎಡ ಎದೆಗೆ ರೇಡಿಯೇಷನ್: ಉಸಿರು ಹಿಡಿಯಲು ಕಲಿಸುವ ಕೆಲಸ

ನಾನು ರೇಡಿಯೇಷನ್ ಮಷೀನ್ ನಡೆಸುವ ಟೆಕ್ನಾಲಜಿಸ್ಟ್. ಎಡ ಸ್ತನದ ಕ್ಯಾನ್ಸರ್‌ ಇರುವವರು ಬಂದರೆ ಮೊದಲು ನೆನಪಾಗುವುದು ಅವರ ಹೃದಯ. ಪಕ್ಕೆಲುಬಿನ ಹಿಂದೆಯೇ ಅದು ಮಿಡಿಯುತ್ತಿರುತ್ತದೆ. ಅದರ ಮುಂಭಾಗದಲ್ಲಿ ಇಳಿಯುವ, ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಎಲ್‌ಎಡಿ ಎಂಬ ರಕ್ತನಾಳ ಕಿರಣದ ಅಂಚಿಗೆ ತೀರಾ ಹತ್ತಿರ. ಸ್ವೀಡನ್ ಮತ್ತು ಡೆನ್ಮಾರ್ಕ್‌ನಲ್ಲಿ ಚಿಕಿತ್ಸೆ ಪಡೆದ ಮಹಿಳೆಯರ ದಾಖಲೆಗಳನ್ನು ನೋಡಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೃದಯಕ್ಕೆ ಬೀಳುವ ಸರಾಸರಿ ಡೋಸ್ ಒಂದೊಂದು ಗ್ರೇ (ಕಿರಣದ ಡೋಸ್ ಅಳೆಯುವ ಮಾನ) ಏರಿದಂತೆ ಹೃದಯಾಘಾತದಂಥ ತೊಂದರೆಯ ಸಂಭವ ಶೇ 7.4ರಷ್ಟು ಏರುತ್ತದೆ. ಇಷ್ಟರೊಳಗಿದ್ದರೆ ಪರವಾಗಿಲ್ಲ ಎನ್ನುವ ಮಿತಿಯೂ ಅಲ್ಲಿ ಕಾಣಲಿಲ್ಲ. ಅದಕ್ಕೇ ಉಳಿಸಬಹುದಾದ ಅರ್ಧ ಗ್ರೇಯನ್ನೂ ನಾವು ಬಿಡುವುದಿಲ್ಲ.

ನಾವು ಮಾಡುವುದು ಡಿಐಬಿಎಚ್, ಅಂದರೆ ದೀರ್ಘ ಉಸಿರು ಹಿಡಿಸಿ ಕಿರಣ ಕೊಡುವ ವಿಧಾನ. ದೀರ್ಘವಾಗಿ ಉಸಿರೆಳೆದು ಹಿಡಿದಾಗ ಶ್ವಾಸಕೋಶ ಉಬ್ಬಿ ಹೃದಯ ಕೆಳಕ್ಕೆ, ಹಿಂದಕ್ಕೆ ಸರಿಯುತ್ತದೆ. ಆ ಇಪ್ಪತ್ತು ಸೆಕೆಂಡಿನಷ್ಟು ಹೊತ್ತು ಮಾತ್ರ ಕಿರಣ ಬಿಡುತ್ತೇವೆ. ಮಾಮೂಲಿ ಉಸಿರಾಟದಲ್ಲಿ ಒಂದು, ಉಸಿರು ಹಿಡಿದು ಒಂದು ಸಿಟಿ ಸ್ಕ್ಯಾನ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿದರೆ ಎದೆಗೂಡಿಗೂ ಹೃದಯಕ್ಕೂ ನಡುವೆ ಜಾಗ ಬಿಟ್ಟಿರುವುದು ಕಣ್ಣಿಗೇ ಕಾಣುತ್ತದೆ.

ಆದರೆ ಉಸಿರು ಹಿಡಿಯಬೇಕಾದವರು ರೋಗಿಗಳು. ಸರ್ಜರಿ, ಕೀಮೋ ಮುಗಿಸಿ ಸುಸ್ತಾಗಿ ಬಂದಿರುತ್ತಾರೆ, "ಕರೆಂಟ್ ಕೊಡ್ತಾರೆ" ಎಂಬ ಭಯ ಬೇರೆ. ಸಿಟಿಗೆ ಮೊದಲೇ ಮಂಚದ ಮೇಲೆ ಮಲಗಿಸಿ, ಕೈ ತಲೆಯ ಮೇಲೆ ಇರಿಸಿ ಕಲಿಸುತ್ತೇನೆ. "ಅಮ್ಮಾ, ಮೂಗಲ್ಲಿ ನಿಧಾನಕ್ಕೆ ಎಳ್ಕೊಳ್ಳಿ. ಎದೆ ತುಂಬ್ಲಿ. ಸಾಕು, ಹಿಡ್ಕೊಳ್ಳಿ." ಬಹಳಷ್ಟು ಜನ ಆಗ ಎದೆ ಉಬ್ಬಿಸುವ ಬದಲು ಬೆನ್ನನ್ನು ಬಿಲ್ಲಿನಂತೆ ಬಾಗಿಸುತ್ತಾರೆ. ಎದೆಯ ಏರಿಳಿತ ನೋಡಲು ಮೇಲಿಟ್ಟ ಮಾರ್ಕರ್ ಮೇಲೇರುತ್ತದೆ, ಅದನ್ನು ತೋರಿಸುವ ಪರದೆಯ ಗೆರೆ ಸರಿಯಾಗೇ ಕಾಣುತ್ತದೆ, ಆದರೆ ಒಳಗೆ ಶ್ವಾಸಕೋಶ ಉಬ್ಬಿರುವುದಿಲ್ಲ. ಹಾಗಾಗಿ ಸೊಂಟದ ಅಡಿಗೆ ನನ್ನ ಅಂಗೈ ಸೇರಿಸಿ ನೋಡುತ್ತೇನೆ. ಕೈ ಸಲೀಸಾಗಿ ಒಳಹೋದರೆ ಮತ್ತೆ ಮೊದಲಿಂದ.

"ನನ್ ಕೈಲಿ ಆಗಲ್ಲ ಮೇಡಂ" ಎಂದವರೊಬ್ಬರಿಗೆ, ಮನೆಯಲ್ಲಿ ಸೊಸೆ ಪಕ್ಕ ಕೂತು ಎಣಿಸಲಿ ಎಂದು ಹೇಳಿ ಕಳಿಸಿದೆ. ವಾರದಲ್ಲಿ ಸೊಸೆಯ ಎಣಿಕೆ ಇಪ್ಪತ್ತು ದಾಟಿತ್ತು. ಮಷೀನ್ ರೂಮಿನಲ್ಲಿ ಅವರೊಬ್ಬರೇ ಇರುತ್ತಾರೆ, ನಮ್ಮ ದನಿ ಸ್ಪೀಕರ್‌ನಿಂದ ಹೋಗುತ್ತದೆ. ರೆಕಾರ್ಡ್ ಮಾಡಿದ ಆದೇಶಕ್ಕಿಂತ ಅವರಿಗೆ ಪರಿಚಯವಿರುವ ದನಿ ಮೇಲು ಎಂಬುದು ನನ್ನ ಅನುಭವ. ಎದೆ ನಿಗದಿತ ಮಟ್ಟದಿಂದ ಕೆಲವೇ ಮಿಲಿಮೀಟರ್ ಜಾರಿದರೂ ಕಿರಣ ನಿಲ್ಲುತ್ತದೆ. ಕೆಮ್ಮು ಬಂದರೆ ಕೆಮ್ಮಿಬಿಡಿ ಎಂದು ಮೊದಲೇ ಹೇಳಿರುತ್ತೇನೆ.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಕಿವಿ ಸರಿಯಾಗಿ ಕೇಳದವರು, ಉಬ್ಬಸ ಇರುವವರು ಕಷ್ಟಪಡುತ್ತಾರೆ. ಅಂಥವರಲ್ಲಿ ಕೆಲವರಿಗೆ ಬೋರಲು ಮಲಗಿಸಿ ಕೊಡಬಹುದು, ಇಲ್ಲವೇ ಹೃದಯದ ಭಾಗಕ್ಕೆ ಕಿರಣ ಬೀಳದಂತೆ ಮಷೀನಿನಲ್ಲೇ ಮರೆ ಮಾಡಬಹುದು. ಮರೆ ಮಾಡುವಾಗ ಗಡ್ಡೆ ಇದ್ದ ಜಾಗ ಮುಚ್ಚಿಹೋಗದಂತೆ ಡಾಕ್ಟರು, ಡೋಸಿನ ಲೆಕ್ಕ ಹಾಕುವ ಫಿಸಿಸಿಸ್ಟ್ ಕೂತು ನೋಡುತ್ತಾರೆ.

ಬಿಪಿ, ಶುಗರ್, ತಂಬಾಕು, ಹಿಂದೆ ತೆಗೆದುಕೊಂಡ ಆಂಥ್ರಾಸೈಕ್ಲಿನ್ ಅಥವಾ ಟ್ರಾಸ್ಟುಜುಮಾಬ್‌ನಂಥ ಕ್ಯಾನ್ಸರ್ ಔಷಧ, ಇವೆಲ್ಲವೂ ಹೃದಯದ ಹೊರೆಯೇ. ಚಿಕಿತ್ಸೆ ಮುಗಿದ ದಿನ ಪ್ರತಿಯೊಬ್ಬರಿಗೂ ಹೇಳುತ್ತೇನೆ: ಯಾವ ಕಡೆಗೆ, ಎಷ್ಟು ಗ್ರೇ ಕೊಟ್ಟಿದ್ದೇವೆ ಎಂದು ಬರೆದ ಈ ಸಾರಾಂಶದ ಹಾಳೆ ಜೋಪಾನ. ಹತ್ತು ವರ್ಷವಾದ ಮೇಲೆ ಎದೆನೋವೆಂದು ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನೇ ತೋರಿಸಿ.