ಹನಲೇ ಕಣಿವೆಯ ಕೆಸುವಿನ ಗದ್ದೆಗಳನ್ನು ಮೇಲಿನಿಂದ ನೋಡಿದ್ದು

ಹವಾಯಿಯ ಕವಾಯಿ ದ್ವೀಪದಲ್ಲಿ, ಲಿಹೂಯೆ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ಸಾಗಿದರೆ, ಪ್ರಿನ್ಸ್‌ವಿಲ್ ಬಳಿ ಹೆದ್ದಾರಿಯ ಮಗ್ಗುಲಲ್ಲೇ ಹನಲೇ ಕಣಿವೆಯ ವೀಕ್ಷಣಾ ಸ್ಥಳವಿದೆ. ಬೆಟ್ಟ ಹತ್ತುವ ಶ್ರಮವಿಲ್ಲದ ಕಾರಣಕ್ಕೋ ಏನೋ, ಹೆಚ್ಚಿನವರು ಒಂದೆರಡು ಫೋಟೊ ತೆಗೆದು ಕಡಲತೀರಕ್ಕೆ ಹೊರಟುಬಿಡುತ್ತಾರೆ. ನಾನು ಹೋದದ್ದು ಕೆಳಗಿನ ಗದ್ದೆಗಳಿಗಾಗಿಯೇ; ಅಲ್ಲಿ ಬೆಳೆಯುವುದು ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಪತ್ರೊಡೆಗೆ ಬಳಸುವ ಕೆಸು.

ಬಿಸಿಲು ಬೆನ್ನ ಹಿಂದಿನಿಂದ ಬೀಳಲೆಂದು ಬೆಳಿಗ್ಗೆಯನ್ನೇ ಆರಿಸಿಕೊಂಡಿದ್ದೆ. ದ್ವೀಪದ ನಡುವಿನ ವಾಯಲೆಯಾಲೆ ಶಿಖರದಲ್ಲಿ ವರ್ಷಕ್ಕೆ 9,000 ಮಿಲಿಮೀಟರ್‌ಗೂ ಹೆಚ್ಚು ಮಳೆಯಾಗುತ್ತದೆಯಾದ್ದರಿಂದ ಮೋಡ ಇಲ್ಲಿ ದಿನನಿತ್ಯದ ಸಂಗತಿ. ರಾತ್ರಿ ಸುರಿದ ಮಳೆಯಿಂದಾಗಿ ಅಂದು ಎದುರಿನ ಬೆಟ್ಟಗಳ ಮೇಲೆ ಬೆಳ್ಳಿಯ ಎಳೆಗಳಂತೆ ಜಲಪಾತಗಳು ಇಳಿಯುತ್ತಿದ್ದವು.

ಗದ್ದೆಗಳನ್ನು ಮಾತ್ರ ದುರ್ಬೀನು ಹಿಡಿದೇ ನೋಡಬೇಕು. ಕೊಯ್ಲಿನಲ್ಲಿ ಗೆಡ್ಡೆಯನ್ನು ಕತ್ತರಿಸಿಕೊಂಡು, ಅದರ ತಲೆಭಾಗವನ್ನು ತುಂಡು ದಂಟಿನ ಸಮೇತ ಮತ್ತೆ ನೆಡುತ್ತಾರೆ. ಬೆಳೆ ಕೈಗೆ ಬರಲು ಸುಮಾರು ಒಂದು ವರ್ಷ ಹಿಡಿಯುವುದರಿಂದ ಮತ್ತು ಎಲ್ಲ ಗದ್ದೆಗಳನ್ನೂ ಒಂದೇ ಸಲ ನೆಡದಿರುವುದರಿಂದ, ಹೊಸದಾಗಿ ನೆಟ್ಟ ಗದ್ದೆಯಲ್ಲಿ ಆಕಾಶ ಕಂಡರೆ ಪಕ್ಕದ್ದರಲ್ಲಿ ತಿಳಿಹಸಿರು, ಅದರಾಚೆ ನೀರೇ ಕಾಣದಷ್ಟು ದಟ್ಟವಾದ ಎಲೆ. ಸಾಲಿನ ಗದ್ದೆಗಳಿಗೆ ನದಿಯಿಂದ ಕಾಲುವೆಯಲ್ಲಿ ತಂದ ನೀರು ನಿಲ್ಲದೆ ಹರಿಯುತ್ತಿರಬೇಕು. ನಿಂತು ಬೆಚ್ಚಗಾದರೆ ಗೆಡ್ಡೆ ಕೊಳೆಯುತ್ತದೆ. ಇದೇ ನದಿ ಅತಿಯಾದದ್ದೂ ಉಂಟು: 2018ರ ಏಪ್ರಿಲ್‌ನಲ್ಲಿ ಹತ್ತಿರದ ವಾಯ್ಪಾದಲ್ಲಿ 24 ಗಂಟೆಗಳಲ್ಲಿ 1,262 ಮಿಲಿಮೀಟರ್ ಮಳೆ ಸುರಿದು ಕಣಿವೆ ಮುಳುಗಿತ್ತು.

ಕಣಿವೆಯ ಈ ಭಾಗ 1972ರಿಂದ ರಾಷ್ಟ್ರೀಯ ವನ್ಯಜೀವಿಧಾಮ. ಹವಾಯಿಯ ಅಪರೂಪದ ನೀರುಹಕ್ಕಿಗಳು ಬೆಳೆಯ ನಡುವೆಯೇ ಮೇಯುತ್ತವೆ, ಅನುಮತಿ ಪಡೆದ ರೈತರು ಅವುಗಳ ಮಗ್ಗುಲಲ್ಲೇ ಸಾಗುವಳಿ ಮಾಡುತ್ತಾರೆ. ಗದ್ದೆಗಳಿಗೆ ಪ್ರವಾಸಿಗರು ಇಳಿಯುವಂತಿಲ್ಲ. ಬದುವಿನ ಮೇಲೆ ನಡೆಯುವ ಆಸೆ ನನಗೂ ಇತ್ತಾದರೂ, ಈ ನಿರ್ಬಂಧ ಸರಿಯೆಂದೇ ನನ್ನ ಅಭಿಪ್ರಾಯ. ಗದ್ದೆಗಳ ಜೋಡಣೆಯಂತೂ ಮೇಲಿನಿಂದಲ್ಲದೆ ತಿಳಿಯುವುದಿಲ್ಲ.

ಆಮೇಲೆ 1912ರ ಉಕ್ಕಿನ ಸೇತುವೆ ದಾಟಿ ಊರಿಗೆ ಹೋದೆ. ಅದು ಒಂದೇ ವಾಹನದಷ್ಟು ಅಗಲವಿದ್ದು, ಐದರಿಂದ ಏಳು ವಾಹನಗಳು ಒಟ್ಟಿಗೆ ದಾಟಿದ ನಂತರ ಎದುರಿನವರಿಗೆ ದಾರಿ ಬಿಡುವುದು ಅಲ್ಲಿಯ ರೂಢಿ. ಊರಿನಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆಯನ್ನು ಅರೆದು ಮಾಡುವ ಪೋಯಿ ತಿಂದೆ. ತಾಜಾ ಪೋಯಿ ನನ್ನ ನಾಲಿಗೆಗೆ ಸಪ್ಪೆ. ಕೆಲವು ದಿನ ಇಟ್ಟು ಹುಳಿ ಬರಿಸಿದ್ದನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ.