ಹಲವು ಆಕ್ಟರ್‌ಗಳ ಕೆಲಸವನ್ನು ಒಂದಕ್ಕೊಂದು ಹೊಂದಿಸುವ ಬಗೆ

ಆಕ್ಟರ್ ಎಂಬ ಸ್ವತಂತ್ರ ಘಟಕಗಳು ಸಂದೇಶಗಳ ಮೂಲಕವೇ ಮಾತಾಡುವಂತೆ ಪ್ರೋಗ್ರಾಂ ಬರೆಯುವ ವಿಧಾನವೇ ಆಕ್ಟರ್ ಮಾದರಿ. ಇದರಲ್ಲಿ ಪ್ರತಿಯೊಂದು ಆಕ್ಟರ್ ತನ್ನ ಸ್ಥಿತಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ತನಗೆ ಬಂದ ಸಂದೇಶಗಳನ್ನು ಸಾಲಿನಲ್ಲಿರಿಸಿ, ಒಂದನ್ನು ಮುಗಿಸಿದ ಮೇಲಷ್ಟೇ ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತದೆ. ಕಾರ್ಲ್ ಹೆವಿಟ್ ಮತ್ತು ಅವರ ಸಂಗಡಿಗರು 1973ರಲ್ಲಿ ಮಂಡಿಸಿದ ಈ ವಿಚಾರದಿಂದಾಗಿ ಆಕ್ಟರ್‌ನ ಒಳಗೆ ಲಾಕ್ ಹಾಕುವ, ಅಂದರೆ ಒಬ್ಬರು ಬಳಸುತ್ತಿರುವಾಗ ಇತರರನ್ನು ತಡೆದು ನಿಲ್ಲಿಸುವ, ಅಗತ್ಯವೇ ಬೀಳುವುದಿಲ್ಲ. ಆದರೆ ಈ ಭರವಸೆ ಒಂದು ಆಕ್ಟರ್‌ನ ಹೊಸ್ತಿಲು ದಾಟುವುದಿಲ್ಲ. ಎರಡು ಆಕ್ಟರ್‌ಗಳು ಸೇರಿ ಒಂದೇ ಕೆಲಸ ಮಾಡಬೇಕಾದಾಗ ಹೊಂದಾಣಿಕೆಯನ್ನು ನಾವೇ ಬರೆಯಬೇಕು.

ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ಗಾಗಿ ನಾನು ಬರೆದ ಪ್ರೋಗ್ರಾಂ ಅನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ತಿಕೋಟಾ ಕಡೆಯ ತೋಟಗಳ ದ್ರಾಕ್ಷಿ ಶೆಡ್‌ಗಳಲ್ಲಿ ಒಣಗಿ, ಬಾಕ್ಸ್‌ಗಳಲ್ಲಿ ತುಂಬಿ ಅಲ್ಲಿಗೆ ಬರುತ್ತದೆ. ಮಾಲು ಮಾರಾಟವಾದಾಗ ದಾಸ್ತಾನಿನಿಂದ ಬಾಕ್ಸ್‌ಗಳನ್ನೂ, ಅವನ್ನು ಸಾಗಿಸಲು ಲಾರಿಯನ್ನೂ ಒಟ್ಟಿಗೆ ಗೊತ್ತುಮಾಡಬೇಕು. ನನ್ನ ವಿನ್ಯಾಸದಲ್ಲಿ ದಾಸ್ತಾನು ಒಂದು ಆಕ್ಟರ್, ಲಾರಿಗಳ ಪಟ್ಟಿ ಇನ್ನೊಂದು ಆಕ್ಟರ್.

ಮೊದಲು ನಾನು ಮಾಡಿದ್ದ ತಪ್ಪನ್ನು ಹೇಳಬೇಕು, ಏಕೆಂದರೆ ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. 'ಎಷ್ಟು ಬಾಕ್ಸ್ ಇವೆ?' ಎಂದು ಕೇಳುವ ಸಂದೇಶ ಒಂದು, '200 ಬಾಕ್ಸ್ ತೆಗೆ' ಎನ್ನುವ ಸಂದೇಶ ಇನ್ನೊಂದು ಆಗಿತ್ತು. ದಾಸ್ತಾನಿನಲ್ಲಿ 300 ಬಾಕ್ಸ್ ಇದ್ದಾಗ ಇಬ್ಬರು ಖರೀದಿದಾರರ ಬೇಡಿಕೆಗಳು ಒಟ್ಟಿಗೆ ಬಂದವು. ಇಬ್ಬರಿಗೂ '300' ಎಂಬ ಉತ್ತರವೇ ಹೋಯಿತು, ಇಬ್ಬರೂ 200 ತೆಗೆದರು, ಲೆಕ್ಕ ಋಣ 100ಕ್ಕೆ ಇಳಿಯಿತು. ಪ್ರತಿ ಸಂದೇಶವೂ ತನ್ನಷ್ಟಕ್ಕೆ ಸರಿಯಾಗಿಯೇ ನಡೆದಿತ್ತು; ತಪ್ಪಿದ್ದುದು ಎರಡು ಸಂದೇಶಗಳ ನಡುವಿನ ಕಿಂಡಿಯಲ್ಲಿ. ಆದ್ದರಿಂದ ಪರೀಕ್ಷಿಸುವುದನ್ನೂ ತೆಗೆದಿರಿಸುವುದನ್ನೂ ಒಂದೇ ಸಂದೇಶಕ್ಕೆ ಸೇರಿಸಿ: '41ನೇ ಬೇಡಿಕೆಗೆ 200 ಬಾಕ್ಸ್ ಕಾಯ್ದಿರಿಸು'. ಇದಕ್ಕೆ 'ಆಯಿತು' ಅಥವಾ 'ಆಗದು' ಎಂಬ ಎರಡೇ ಉತ್ತರಗಳಿರಲಿ.

ಇನ್ನು ಎರಡು ಆಕ್ಟರ್‌ಗಳ ವಿಷಯ. 41ನೇ ಬೇಡಿಕೆ ಮೊದಲು ಬಾಕ್ಸ್ ಹಿಡಿದು ಲಾರಿಗಾಗಿ ಕಾಯುತ್ತದೆ, 42ನೆಯದು ಮೊದಲು ಲಾರಿ ಹಿಡಿದು ಬಾಕ್ಸ್‌ಗಾಗಿ ಕಾಯುತ್ತದೆ ಎಂದುಕೊಳ್ಳಿ. ಲಾಕ್ ಎಂಬ ಪದವೇ ಇಲ್ಲದ ಪ್ರೋಗ್ರಾಂನಲ್ಲಿಯೂ ಎರಡು ಬೇಡಿಕೆಗಳು ಒಂದರ ಮುಖ ಒಂದು ನೋಡುತ್ತ ನಿಂತುಬಿಡುತ್ತವೆ. ಕಾಯಿಸದೆ ಕೂಡಲೇ 'ಆಗದು' ಎಂದುಬಿಟ್ಟರೆ ಈ ಬಿಕ್ಕಟ್ಟು ತಪ್ಪುತ್ತದೆ, ಆದರೆ ಇಬ್ಬರೂ ಕೈಬಿಟ್ಟು ಒಂದೇ ಗಳಿಗೆಗೆ ಮತ್ತೆ ಯತ್ನಿಸಿ ಮತ್ತೆ ಸೋಲುವ ಸಂಭವವಿದೆ. ಎಲ್ಲ ಬೇಡಿಕೆಗಳೂ ಮೊದಲು ದಾಸ್ತಾನು, ಆಮೇಲೆ ಲಾರಿ ಎಂಬ ಒಂದೇ ಕ್ರಮವನ್ನು ಪಾಲಿಸುವುದು ನನ್ನ ಅನುಭವದಲ್ಲಿ ಅತ್ಯಂತ ಸರಳವಾದ ಪರಿಹಾರ. ಎರಡನ್ನೂ ಏಕಕಾಲಕ್ಕೆ ಕೇಳಿದರೆ ಸಮಯ ಸ್ವಲ್ಪ ಉಳಿಯುತ್ತದೆ ನಿಜ. ಆ ಉಳಿತಾಯ ನಿಜಕ್ಕೂ ಬೇಕಾಗುವವರೆಗೆ ಅದರ ಗೋಜಿಗೆ ಹೋಗಬೇಡಿ.

ಈ ಕ್ರಮವನ್ನು ದಾಸ್ತಾನಿನ ಕ್ಲಾಸ್‌ನಲ್ಲಾಗಲಿ (ಆಕ್ಟರ್‌ನ ವರ್ತನೆಯನ್ನು ಬರೆದಿಡುವ ಅಚ್ಚು) ಲಾರಿಯ ಕ್ಲಾಸ್‌ನಲ್ಲಾಗಲಿ ಬರೆಯಬಾರದು. ಹಾಗೆ ಬರೆದರೆ ನಾಳೆ ಆ ಕ್ಲಾಸ್‌ನಿಂದ ಇನ್ನೊಂದು ಕ್ಲಾಸ್ ಅನ್ನು ವಿಸ್ತರಿಸಿ ಪಡೆಯುವಾಗ, ಕೆಲಸದ ಭಾಗ ಒಂದಿಷ್ಟೂ ಬದಲಾಗದಿದ್ದರೂ ಹೊಂದಾಣಿಕೆಯ ಭಾಗವನ್ನು ಮತ್ತೆ ಬರೆಯಬೇಕಾಗುತ್ತದೆ. ಸಂಶೋಧಕರಾದ ಮತ್ಸುವೊಕಾ ಮತ್ತು ಯೊನೆಜಾವಾ 1993ರಲ್ಲಿ ವಿವರವಾಗಿ ವಿಶ್ಲೇಷಿಸಿದ ತೊಡಕು ಇದೇ. ಅದೇ ವರ್ಷ ಫ್ರೋಲುಂಡ್ ಮತ್ತು ಗುಲ್ ಆಗಾ ಅವರು ಹಲವು ವಸ್ತುಗಳ (ಆಕ್ಟರ್‌ನಂಥ ಪ್ರೋಗ್ರಾಂ ಘಟಕಗಳ) ನಡುವಿನ ನಿಬಂಧನೆಗಳನ್ನು ಆ ವಸ್ತುಗಳಿಂದ ಹೊರಗೆ, ಸಿಂಕ್ರನೈಸರ್ ಎಂಬ ಪ್ರತ್ಯೇಕ ಘಟಕದಲ್ಲಿ ಬರೆಯುವ ದಾರಿಯನ್ನು ತೋರಿಸಿದರು. ಇಂದು ಬಳಕೆಯಲ್ಲಿರುವ ಹೆಚ್ಚಿನ ಭಾಷೆಗಳಲ್ಲಿ ಅದಕ್ಕೆ ನೇರ ಸೌಲಭ್ಯ ಇಲ್ಲದಿದ್ದರೂ ಪ್ರತಿ ಬೇಡಿಕೆಗೆ ಒಂದು ರವಾನೆ ಆಕ್ಟರ್ ಹುಟ್ಟಿಸಿ ಅದೇ ಕೆಲಸವನ್ನು ಮಾಡಿಸಿಕೊಳ್ಳಬಹುದು. ಯಾವ ಉತ್ತರ ಬಂದಿದೆ, ಯಾವುದು ಬರಬೇಕಿದೆ ಎಂಬುದಷ್ಟೇ ಅದರ ಸ್ಥಿತಿ. ಉತ್ತರಕ್ಕಾಗಿ ಅದು ಥ್ರೆಡ್ ಅನ್ನು (ಪ್ರೋಗ್ರಾಂನ ಕೆಲಸ ನಡೆಸುವ ಎಳೆಯನ್ನು) ಹಿಡಿದು ನಿಲ್ಲಬಾರದು. ಸಂದೇಶ ಕಳಿಸಿ ಸುಮ್ಮನಿದ್ದು, ಉತ್ತರ ಬಂದಾಗ ಮುಂದಿನ ಹೆಜ್ಜೆ ಇಡಬೇಕು. ಗಡುವು ಮೀರಿತು ಎಂಬುದೂ ಅದಕ್ಕೆ ಬರುವ ಇನ್ನೊಂದು ಸಂದೇಶವೇ ಆಗಿರಲಿ.

ಗಡುವಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ರವಾನೆ ಆಕ್ಟರ್ ಲಾರಿಯ ಉತ್ತರಕ್ಕಾಗಿ 30 ಸೆಕೆಂಡ್ ಕಾದು, ಬಾರದಿದ್ದಾಗ ಬಾಕ್ಸ್‌ಗಳನ್ನು ಬಿಟ್ಟುಕೊಡುತ್ತದೆ. 31ನೇ ಸೆಕೆಂಡಿಗೆ ಲಾರಿಯಿಂದ 'ಆಯಿತು' ಎಂದು ಬರುತ್ತದೆ. ಆಗ ಅದನ್ನು ಕಡೆಗಣಿಸಿದರೆ ಆ ಲಾರಿ ಯಾರಿಗೂ ಸಿಗದೆ ಉಳಿದುಹೋಗುತ್ತದೆ. ಆದ್ದರಿಂದ ತಡವಾಗಿ ಬಂದ 'ಆಯಿತು'ಗೆ ಉತ್ತರವಾಗಿ 'ಬಿಟ್ಟುಕೊಡು' ಎಂದು ಕಳಿಸಲೇಬೇಕು, ಅಲ್ಲಿಯವರೆಗೆ ರವಾನೆ ಆಕ್ಟರ್ ಕಣ್ಣುಮುಚ್ಚಬಾರದು. ಲಾರಿ ಆಕ್ಟರ್ ಕೂಡ ಕಾಯ್ದಿರಿಸಿದ್ದಕ್ಕೆ ತನ್ನದೇ ಅವಧಿ ಇಟ್ಟುಕೊಂಡಿದ್ದರೆ, ಎರಡೂ ಕಾಯ್ದಿರಿಸಿದ ಮೇಲೆ ರವಾನೆ ಆಕ್ಟರ್ ಕಳಿಸುವ ಖಚಿತಪಡಿಸುವ ಸಂದೇಶ ತಲುಪುವಷ್ಟರಲ್ಲಿ ಆ ಅವಧಿ ಮುಗಿದಿರಬಹುದು. ಹೀಗಾಗಿ ಖಚಿತಪಡಿಸುವಾಗಲೂ 'ಆಗದು' ಎಂಬ ಉತ್ತರ ಬರಬಹುದೆಂದು ತಿಳಿದೇ ಬರೆಯಿರಿ, ಬಂದರೆ ದಾಸ್ತಾನಿಗೆ ಬಾಕ್ಸ್‌ಗಳನ್ನು ಮರಳಿಸಿ. ಗೇಟ್ ಪಾಸ್ ಕೊಡುವಂಥ ಹಿಂತೆಗೆಯಲಾಗದ ಹೆಜ್ಜೆ ಎಲ್ಲಕ್ಕಿಂತ ಕೊನೆಗೆ ಬರಲಿ.

ಸಂದೇಶಗಳ ಕ್ರಮವನ್ನೂ ಅತಿಯಾಗಿ ನಂಬಬಾರದು. ಆಕ್ಟರ್‌ಗಳನ್ನು ಬರೆಯಲು ಬಳಸುವ ಎರ್ಲಾಂಗ್ ಭಾಷೆ ಮತ್ತು ಅಕ್ಕಾ ಲೈಬ್ರರಿ ಎರಡರಲ್ಲಿಯೂ ಒಬ್ಬ ಕಳುಹಿಸುವವನಿಂದ ಒಬ್ಬ ಪಡೆಯುವವನಿಗೆ ಹೋದ ಸಂದೇಶಗಳು ಹಿಂದುಮುಂದಾಗುವುದಿಲ್ಲ. ಇಬ್ಬರು ಕಳುಹಿಸಿದ್ದರೆ ಯಾರದು ಮೊದಲು ತಲುಪುವುದೆಂದು ಹೇಳಲಾಗದು. ಅಕ್ಕಾದಲ್ಲಿ ಸಾಮಾನ್ಯ ಸಂದೇಶ ಹೆಚ್ಚೆಂದರೆ ಒಮ್ಮೆ ತಲುಪುತ್ತದೆ, ಅಂದರೆ ಕಳೆದುಹೋಗಲೂಬಹುದು. ಮರಳಿ ಕಳಿಸಿದರೆ ಮೊದಲಿನದೂ ತಲುಪಿ ಎರಡಾಗಬಹುದು. ಅದಕ್ಕಾಗಿಯೇ ಬೇಡಿಕೆಯ ಸಂಖ್ಯೆ ಬೇಕು: 41ಕ್ಕೆ ಆಗಲೇ 200 ಬಾಕ್ಸ್ ಕಾಯ್ದಿರಿಸಿದ್ದರೆ, ಮತ್ತೆ ಕೇಳಿದಾಗ ದಾಸ್ತಾನು ಹೊಸದಾಗಿ ತೆಗೆಯದೆ ಹಳೆಯ ಉತ್ತರವನ್ನೇ ಕೊಡಬೇಕು.

ಪರೀಕ್ಷಿಸುವಾಗ ಸಂದೇಶಗಳನ್ನು ನೇರವಾಗಿ ತಲುಪಿಸದೆ ನಡುವೆ ಒಂದು ಸಾಲಿನಲ್ಲಿ ಹಿಡಿದಿಟ್ಟು, ಯಾದೃಚ್ಛಿಕ ಕ್ರಮದಲ್ಲಿ ಬಿಡಿ. ಕೆಲವನ್ನು ಬೀಳಿಸಿ, ಕೆಲವನ್ನು ಎರಡೆರಡು ಸಲ ಕಳಿಸಿ. ಆ ಕ್ರಮವನ್ನು ಹುಟ್ಟಿಸಿದ ಬೀಜಸಂಖ್ಯೆಯನ್ನು ಬರೆದಿಟ್ಟುಕೊಂಡರೆ ತಪ್ಪು ಕಂಡಾಗ ಅದೇ ಕ್ರಮವನ್ನು ಮತ್ತೆ ನಡೆಸಿ ನೋಡಬಹುದು. ಪ್ರತಿ ಸುತ್ತಿನ ಕೊನೆಗೆ ದಾಸ್ತಾನಿನಲ್ಲಿರುವ, ಕಾಯ್ದಿರಿಸಿರುವ ಮತ್ತು ರವಾನೆಯಾದ ಬಾಕ್ಸ್‌ಗಳ ಮೊತ್ತ ಆರಂಭದ 300ಕ್ಕೆ ಸಮವಾಗಿದೆಯೇ, ಬೇಡಿಕೆಯಿಲ್ಲದ ಯಾವ ಲಾರಿಯಾದರೂ ಕಾಯ್ದಿರಿಸಿದ ಸ್ಥಿತಿಯಲ್ಲಿ ಉಳಿದಿದೆಯೇ ಎಂದು ನೋಡಿ.